ಒಳಗಿನ ಅಯಸ್ಕಾಂತ

ನಾನು ಒಂದು ಅಯಸ್ಕಾಂತ. ಕಪ್ಪಗೆ, ದುಂಡಗೆ, ನಡುವೆ ತೂತು. ನೋಡುವುದಕ್ಕೆ ಸೀದುಹೋದ ಉದ್ದಿನವಡೆ. ಕಬ್ಬಿಣದ ತುಕ್ಕಿನ ಪುಡಿಯನ್ನು ಅಚ್ಚಿಗೆ ಒತ್ತಿ, ಸುಟ್ಟು ನನ್ನನ್ನು ಮಾಡಿದರು. ಹುಟ್ಟಿದ್ದೇ ಗಾಳಿ ತಿಂದ ಕಬ್ಬಿಣದಿಂದ. ಗಾಳಿ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಹರೆಯವೆಲ್ಲ ಮೈಸೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ, ಸ್ಪೀಕರಿನ ಬೆನ್ನಿಗೆ ಅಂಟಿಕೊಂಡು ಕಳೆಯಿತು. ಮದುವೆ, ನಾಮಕರಣ, ಚುನಾವಣೆ ಎಲ್ಲಕ್ಕೂ ಮೈ ನಡುಗಿಸಿಕೊಂಡು ದುಡಿದೆ. ಸ್ಪೀಕರು ಹರಿದ ದಿನ ನನ್ನನ್ನೂ ಪಕ್ಕದ ಸ್ಪೀಕರಿನ ಜೊತೆಗಾರನನ್ನೂ ಕಿತ್ತು ಗುಜರಿಗೆ ಹಾಕಿದರು. ಅಲ್ಲಿಂದ ನಮ್ಮಿಬ್ಬರನ್ನೂ ಆರಿಸಿ ತಂದವರು ಚೆನ್ನಿಗಪ್ಪನವರು.

ಅವರು ಊದುಬತ್ತಿ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವವರು. ಇಪ್ಪತ್ತಾರು ವರ್ಷ ಮೂಗೇ ಅವರ ಅನ್ನ. ಒಂದು ಜ್ವರ ಬಂತು, ಹೋಗುವಾಗ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಕಾರ್ಖಾನೆಯ ಮಾಲೀಕರು ಯುಗಾದಿಯವರೆಗೆ ಅವರ ಜಾಗ ಕಾದಿರಿಸುವುದಾಗಿ ಹೇಳಿದರು. ಡಾಕ್ಟರು ಗಾಢವಾದ ವಾಸನೆಗಳನ್ನು ದಿನಾ ಮೂಸಿ ಅಭ್ಯಾಸ ಮಾಡಿ ಎಂದು ಚೀಟಿ ಬರೆದುಕೊಟ್ಟರು. ಲವಂಗ ಆಯಿತು, ನೀಲಗಿರಿ ಎಣ್ಣೆ ಆಯಿತು. ಏನೂ ಬರಲಿಲ್ಲ.

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಹಾಕುವ ಹಾಪ್ಸ್ ಎಂಬ ಹೂವಿನ ಹಸಿರು ಗುಳಿಗೆಗಳಷ್ಟು ಗಾಢ ಪರಿಮಳ ಬೇರೆ ಇಲ್ಲ, ಮೂಗು ತೆರೆದರೆ ಇದರಿಂದಲೇ ಎಂದು ನಂಬಿದರು. ಆದರೆ ಆ ಪರಿಮಳಕ್ಕೆ ಗಾಳಿ ಕಂಡರಾಗದು. ಹಾಪ್ಸ್ ಹಾಕಲು ಮುಚ್ಚಳ ತೆರೆದರೆ ಗಾಳಿ ನುಗ್ಗಿ ಬಿಯರು ಕಂದುತ್ತದೆ, ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ. ಅದಕ್ಕೇ ನಾವು ಬೇಕಾದದ್ದು. ಹಾಪ್ಸ್ ತುಂಬಿದ ಬಟ್ಟೆಚೀಲದಲ್ಲಿ ನನ್ನನ್ನೂ ಇಟ್ಟು, ಪ್ಲಾಸ್ಟಿಕ್ ಡ್ರಮ್ಮಿನ ಒಳಗೋಡೆಗೆ, ಬಿಯರು ತಾಗದಷ್ಟು ಮೇಲೆ ತಗುಲಿಸುತ್ತಿದ್ದರು. ಜೊತೆಗಾರ ಹೊರಗಿನಿಂದ ನನ್ನನ್ನು ಹಿಡಿದಿರುತ್ತಿದ್ದ. ಬಿಯರು ಹುದುಗುತ್ತ ಎದ್ದ ಗ್ಯಾಸು ಡ್ರಮ್ಮಿನ ಗಾಳಿಯನ್ನೆಲ್ಲ ಕೊಳವೆಯಿಂದ ಹೊರದಬ್ಬುತ್ತಿತ್ತು. ಐದನೆಯ ದಿನ ಜೊತೆಗಾರನನ್ನು ಕಿತ್ತರೆ ಸಾಕು, ನಾನು ಚೀಲದ ಸಮೇತ ಬಿಯರಿಗೆ ಬೀಳುತ್ತಿದ್ದೆ. ಮುಚ್ಚಳ ಮುಟ್ಟುವ ಮಾತೇ ಇಲ್ಲ.

ಇಷ್ಟು ಬುದ್ಧಿ ಓಡಿಸಿದ ಮನುಷ್ಯ ಮರುದಿನ ಬೆಳಿಗ್ಗೆ ತಾವೇ ಮುಚ್ಚಳ ತೆರೆಯುತ್ತಿದ್ದರು, ಮೂಸಿ ನೋಡುವುದಕ್ಕೆ. ತಳದಲ್ಲಿ ಬಿದ್ದಿದ್ದ ನನಗೆ ಮೇಲೆ ಎರಡು ಹೊಳ್ಳೆ, ಮುಚ್ಚಿದ ಎರಡು ಕಣ್ಣು ಮಂಕಾಗಿ ಕಾಣುತ್ತಿದ್ದವು. ಎಷ್ಟೋ ಹೊತ್ತು ಹಾಗೇ ಬಗ್ಗಿರುತ್ತಿದ್ದರು. ಸಂಜೆ ಮತ್ತೆ ತೆರೆಯುತ್ತಿದ್ದರು. ತಲೆ ಚಚ್ಚಿಕೊಳ್ಳೋಣವೆಂದರೆ ನನಗೆ ತಲೆಯಿಲ್ಲ.

ಹೀಗೆ ಮೂರು ಸಲ ಬಿಯರು ಕೆಟ್ಟಿತು. ಮೂರು ಸಲವೂ ಅವರ ಹೆಂಡತಿ ಸರ್ವಮಂಗಳಮ್ಮ ಲೋಟ ಮೂಸಿ, ಮುಖ ಅಲುಗಿಸದೆ, ಮಾವಿನಹಣ್ಣಿನ ಹಾಗೆ ಘಮಘಮ ಎನ್ನುತ್ತಿದೆ ಎಂದರು. ಆ ಬಿಯರಿನಲ್ಲೇ ಬಿದ್ದಿದ್ದವನು ನಾನು, ಅದರ ಗತಿ ನನಗೆ ಗೊತ್ತಿತ್ತು. ಚೆನ್ನಿಗಪ್ಪನವರು ಮಾತ್ರ ಲೋಟ ಇಸಿದುಕೊಂಡು ಮೂಸಿ, ನನಗೂ ಮಾವಿನಹಣ್ಣು ಒಂಚೂರು ಬಂದಂಗಾಯ್ತು ಎನ್ನುತ್ತಿದ್ದರು. ಮೂರನೆಯ ಸಲ, ಯುಗಾದಿಗೆ ಬಂದೇ ಬರುತ್ತೇನೆ ಎಂದು ಮಾಲೀಕರಿಗೆ ಫೋನೂ ಮಾಡಿದರು.

ನಾಲ್ಕನೆಯ ಸಲ, ಪರಿಮಳವೆಲ್ಲ ಒಂದೇ ಲೋಟದಲ್ಲಿ ಬರಲಿ ಎಂದು ಮುಚ್ಚಳಕ್ಕೆ ಟೇಪು ಸುತ್ತಿದರು. ದಿನಾ ಬಂದು ಟೇಪಿನ ಮೇಲೆ ಕೈಯಿಟ್ಟು ಹಿಂದಿರುಗುತ್ತಿದ್ದರು. ಕೊಳವೆಯಿಂದಲೇ ಬಾಟಲಿಗೆ ತುಂಬಿಸಿ, ನನ್ನನ್ನು ತೊಳೆದು ಅಡುಗೆಮನೆಯ ಕಿಟಕಿ ಸರಳಿಗೆ ಅಂಟಿಸಿದರು. ಎರಡು ವಾರ ಕಳೆದು, ಯುಗಾದಿಗೆ ಮೂರು ದಿನ ಇದೆ ಎನ್ನುವಾಗ ಮೊದಲ ಬಾಟಲಿ ತೆರೆದರು.

ಸರ್ವಮಂಗಳಮ್ಮ ವಾಡಿಕೆಯಂತೆ ಲೋಟ ಮೂಗಿನ ಹತ್ತಿರ ಒಯ್ದರು. ಹೇಳಬೇಕಾದ ಮಾತು ಬಾಯಲ್ಲೇ ನಿಂತಿತು. ಇನ್ನೊಮ್ಮೆ ಮೂಸಿದರು. ಮುಖವೆಲ್ಲ ಅರಳಿತು. ಗಂಡ ಎದುರಿಗಿದ್ದದ್ದೂ ಮರೆತಂತೆ ನಕ್ಕರು.

"ರೀ, ಮಾವಿನಹಣ್ಣು ರೀ, ಇಡೀ ಬುಟ್ಟಿ ತೆಗ್ದಂಗಿದೆ."

ಚೆನ್ನಿಗಪ್ಪನವರು ಲೋಟ ನೋಡಲಿಲ್ಲ, ಆಕೆಯ ಮುಖ ನೋಡಿದರು. ಆಮೇಲೆ ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, ಉಸಿರು ಮುಗಿಯುವವರೆಗೆ ಎಳೆದುಕೊಂಡರು. ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ಮಂಗಳಾ, ಹಂಗಾದ್ರೆ ಆ ಮೂರು ಸಲ?"

ಆಕೆ ಲೋಟದ ಕೆಳಗಿನ ಒದ್ದೆಯನ್ನು ಸೆರಗಿನಿಂದ ಒರೆಸಿದರು.

"ನಂಗೂ ಬಂದಂಗಾಯ್ತು ಅಂದಿದ್ನಲ್ಲ," ಎಂದರು ಚೆನ್ನಿಗಪ್ಪನವರು. ನನಗೆ ಆವತ್ತಿನಷ್ಟು ಸಂಕಟ ಎಂದೂ ಆಗಿರಲಿಲ್ಲ.

ಯುಗಾದಿಗೆ ಅವರು ಕಾರ್ಖಾನೆಗೆ ಹೋಗಲಿಲ್ಲ. ಡ್ರಮ್ಮಿನಲ್ಲಿ ಈಗ ಅಕ್ಕಿ ಇದೆ. ಜೊತೆಗಾರ ಎಲ್ಲಿ ಬಿದ್ದಿದ್ದಾನೋ ತಿಳಿಯದು. ನಾನು ಫ್ರಿಜ್ಜಿನ ಬಾಗಿಲಲ್ಲಿ ಡಾಕ್ಟರ ಚೀಟಿಯನ್ನು ಹಿಡಿದುಕೊಂಡಿದ್ದೇನೆ. ಅದರ ಅಕ್ಷರ ಮಾಸಿದೆ, ಯಾರೂ ತೆಗೆಯುವುದಿಲ್ಲ. ಬಿಡುವುದು ನನ್ನ ಕೈಯಲ್ಲಿಲ್ಲ.

ಮುಚ್ಚಳ ತೆರೆದ ಮೂರು ಬಿಯರು ಅವರಿಗೆ ಆಸೆ ಕೊಟ್ಟವು, ತೆರೆಯದ ಒಂದು ಅದನ್ನು ಕಿತ್ತುಕೊಂಡಿತು. ನನ್ನ ಕೆಲಸ ಸರಿಯಾಗಿ ನಡೆದದ್ದು ಆ ಒಂದೇ ಸಲ. ಈಗ ಹೆಂಡತಿ ಸಾರು ಚೆನ್ನಾಗಿದೆ ಎಂದರೂ ಚೆನ್ನಿಗಪ್ಪನವರು ಮೊದಲು ಆಕೆಯ ಮುಖ ನೋಡುತ್ತಾರೆ. ಅದಕ್ಕೇ ಇರಬೇಕು, ಸರ್ವಮಂಗಳಮ್ಮ ಮಾತಾಡುವಾಗ ಒಲೆಯ ಕಡೆ ತಿರುಗಿಕೊಂಡಿರುತ್ತಾರೆ.