ಸುಣ್ಣದ ಗೆರೆಯಾಚೆ ಹೂತ ಕೂಸು

"ಏ ಬೋಸುಡಿ, ಪುಟ್ಟಿ ಹೊತ್ಕಂಡು ಏನ್ ಮೆರವಣಿಗೆಗೆ ನಿಂತಿದೀಯಾ? ಸುರುವೇ ಅದನ್ನ."

ಮೇಸ್ತ್ರಿ ತಿಪ್ಪೇಸ್ವಾಮಿಯ ಬಾಯಿ ಬೆಳಗಿನಿಂದ ಮುಚ್ಚಿರಲಿಲ್ಲ. ಹುಲಿಗೆಮ್ಮ ಮಾತ್ರ ಅಲ್ಲಾಡಲಿಲ್ಲ. ತಲೆಯ ಮೇಲೆ ಜಲ್ಲಿಯ ಪುಟ್ಟಿ, ಕಾಲ ಮುಂದೆ ಹಸಿಹಸಿಯಾಗಿ ಬಿದ್ದ ಸುಣ್ಣದ ಗೆರೆ. ಆ ಗೆರೆ ಬಳ್ಳಾರಿ ಜಾಲಿಯ ಬುಡವನ್ನೂ ದಾಟಿ ಮುಂದೆ ಹೋಗಿತ್ತು. ಬುಡದಲ್ಲಿ ಅವಳ ಕೂಸಿತ್ತು.

ಗುರ್‌ಗಾಂವ್ ದಾಟಿ ಅರಾವಳಿಯ ಗುಡ್ಡ ಹತ್ತುವ ಈ ಹಳ್ಳಿರಸ್ತೆಯನ್ನು ಅಗಲ ಮಾಡಲು ತಿಪ್ಪೇಸ್ವಾಮಿ ಕೊಪ್ಪಳದ ಕಡೆಯಿಂದ ವಡ್ಡರ ಗುಂಪೊಂದನ್ನು ರೈಲು ಹತ್ತಿಸಿಕೊಂಡು ಬಂದಿದ್ದ. ದಿಲ್ಲಿ ಮೆಟ್ರೋ ಹೊಸದಾಗಿ ಓಡುತ್ತಿದ್ದ ಕಾಲ ಅದು. ಇವರು ಅದನ್ನು ದೂರದಿಂದಲೂ ಕಂಡವರಲ್ಲ. ಬೇಸಿಗೆಯಲ್ಲಿ, ಜಾಲಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿದ್ದ ಹುಲಿಗೆಮ್ಮನ ಹೆಣ್ಣು ಕೂಸಿಗೆ ವಾಂತಿಭೇದಿ ಹತ್ತಿ ಬಿಸಿಲು ಇಳಿಯುವುದರೊಳಗೆ ಹೋಗಿಬಿಟ್ಟಿತು. ಹೂಳಲು ಜಾಗ ಕೇಳಿದರೆ ಊರಿನ ಹಿರಿಯರು, ಎಲ್ಲಿಂದಲೋ ಬಂದ ಕೀಳು ಜನಕ್ಕೆ ನಮ್ಮ ಸ್ಮಶಾನವೇ ಬೇಕಾಯಿತೇ ಎಂದು ಅಟ್ಟಿದರು. ಕೊನೆಗೆ ಅವಳೂ ಗಂಡ ದುರುಗಪ್ಪನೂ ಆಗಿನ ಸುಣ್ಣದ ಗೆರೆಯಿಂದ ಆಚೆ, ಜಾಲಿಯ ಬುಡದಲ್ಲಿ ಗುಂಡಿ ತೋಡಿದರು. ಗೆರೆಯ ಈಚೆಯದು ಸರ್ಕಾರದ್ದು, ಆಚೆಯದಕ್ಕೆ ಯಾರೂ ಗುದ್ದಲಿ ಹಾಕುವುದಿಲ್ಲ ಎಂಬುದು ಜೀವಮಾನವಿಡೀ ಗೆರೆ ನೋಡಿ ಅಗೆದ ಆ ಜನರ ನಂಬಿಕೆ. ಗೆರೆಯೂ ಜಾಗ ಬದಲಿಸುತ್ತದೆಂದು ಪಾಪ ಅವರಿಗೆ ಯಾರು ಹೇಳಬೇಕಿತ್ತು?

ರಸ್ತೆ ಅಗಲವಾಗಬೇಕಾಗಿದ್ದದ್ದು ಬಲಗಡೆಗೆ. ಬಲಗಡೆ ದಿಲ್ಲಿಯ ಸಾಹೇಬನೊಬ್ಬನ ಫಾರ್ಮ್‌ಹೌಸ್. ಅದರ ಗೋಡೆ ಸರ್ಕಾರದ ಜಾಗವನ್ನು ಎಂದೋ ನುಂಗಿ ನೀರು ಕುಡಿದಿತ್ತು. ಗೋಡೆ ಒಡೆಯುವ ಮಾತು ಬಂದದ್ದೇ ಸಾಹೇಬ ಎಲ್ಲಿಗೋ ಫೋನ್ ಮಾಡಿದ. ಬೆಳಗಾಗುವಷ್ಟರಲ್ಲಿ ರಸ್ತೆ ಸೊಂಟ ಬಗ್ಗಿಸಿ ಎಡಕ್ಕೆ ಸರಿದಿತ್ತು. ಬಡವರ ಕಡೆಗೆ ಸರಿಯುವುದಕ್ಕೆ ರಸ್ತೆಗೇನು ನಾಚಿಕೆ?

ಹತ್ತು ಗಂಟೆಯ ಹೊತ್ತಿಗೆ ಇಂಜಿನಿಯರ್ ಕೇಶವಮೂರ್ತಿ ಬಿಳಿ ಅಂಬಾಸಿಡರ್‌ನಲ್ಲಿ ಬಂದರು. ಲೋಧಿ ಕಾಲೋನಿಯಲ್ಲಿ ಮನೆ, ಮೂಲ ಮೈಸೂರು. ಗುಂಪಿನವರಿಗೆ ಅವರ ಮೇಲೆ ಎಲ್ಲಿಲ್ಲದ ಭರವಸೆ, ಕನ್ನಡ ಆಡುತ್ತಾರಲ್ಲ ಎಂದು. ಹುಲಿಗೆಮ್ಮ ಪುಟ್ಟಿ ಇಳಿಸಿ ಓಡಿಹೋಗಿ ಕೈಮುಗಿದಳು.

"ಸಾಹೇಬ್ರ, ನೀವು ನಮ್ಮ ಕಡಿಯವ್ರು. ಗೆರಿ ಒಂದೀಟು ಆಕಡಿ ಸರಸ್ರಿ. ನನ್ನ ಕೂಸು ಮಲಗೈತ್ರಿ ಅಲ್ಲಿ."

"ಯಾವ ಜನ ನೀವು?" ಎಂದರು ಕೇಶವಮೂರ್ತಿ.

"ವಡ್ಡರ್ರಿ."

ಅವರ ಕಾಲು ತಾನಾಗಿ ಹಿಂದೆ ಸರಿಯಿತು. ಆಮೇಲೆ ಮಗುವಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದರು: "ನೋಡಮ್ಮ, ಡ್ರಾಯಿಂಗ್ ಪಾಸಾಗಿದೆ. ಒಂದು ಗುಂಡಿಗೋಸ್ಕರ ರಸ್ತೆ ತಿರುಗಿಸೋಕಾಗಲ್ಲ."

"ಆ ಗ್ವಾಡಿಗೆ ತಿರುಗೈತಲ್ರಿ," ಎಂದು ಹುಲಿಗೆಮ್ಮ ಬಲಗಡೆ ಕೈ ತೋರಿಸಿದಳು.

ಅಷ್ಟು ಹೊತ್ತು ಕನ್ನಡ ಆಡಿದ ಬಾಯಿ ತಟ್ಟನೆ ಹಿಂದಿಗೆ ಹೊರಳಿತು. "ಹಟಾವೋ ಇಸ್ಕೋ," ಇವಳನ್ನು ಆಚೆ ಅಟ್ಟು, ಎಂದು ತಿಪ್ಪೇಸ್ವಾಮಿಗೆ ಹೇಳಿ ಕೇಶವಮೂರ್ತಿ ಫಾರ್ಮ್‌ಹೌಸಿನೊಳಕ್ಕೆ ಚಹಾಕ್ಕೆ ನಡೆದರು. ಗೇಟು ಹಾರು ಹೊಡೆದಿತ್ತು. ರಸ್ತೆಯ ಡಾಂಬರಿನಲ್ಲಿ ಸಾಹೇಬನ ಅಂಗಳಕ್ಕೂ ಒಂದು ದಾರಿ ಬಿಟ್ಟಿಯಾಗಿ ಆಗುತ್ತಿತ್ತಲ್ಲ, ಅದಕ್ಕೆ.

ಮರ್ಯಾದೆ ಹೋದದ್ದು ತನ್ನದೇ ಎಂಬಂತೆ ತಿಪ್ಪೇಸ್ವಾಮಿ ಉರಿದುಬಿದ್ದ. ದುರುಗಪ್ಪನ ಕೈಗೆ ಗುದ್ದಲಿ ತುರುಕಿ, ಜಾಲಿಯ ಬುಡ ನೀನೇ ಅಗೆಯಬೇಕು, ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಿ ಎಂದ. ದುರುಗಪ್ಪ ತಲೆ ಬಗ್ಗಿಸಿ ನಿಂತ.

"ಯಾಕಲೇ ಸತ್ತೋರಂಗೆ ನಿಂತೆ? ಹೋದ್ರೆ ಹೋತು, ನಿನ್ ಹೆಂಡ್ತಿ ಇನ್ನೊಂದು ಹಡಿತಾಳೆ. ರಸ್ತೆ ಇನ್ನೊಂದ್ ಸಲ ಆಗಲ್ಲ."

ದುರುಗಪ್ಪ ಗುದ್ದಲಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಹುಲಿಗೆಮ್ಮ ಬಂದು ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ಅವಳಿಗೆ ಗಂಡನ ಮೇಲೂ ಸಿಟ್ಟಿತ್ತು, ಆದರೆ ಈಗ ಅದಕ್ಕೆ ಪುರಸೊತ್ತಿರಲಿಲ್ಲ.

ಮೇಲಿನ ಕಲ್ಲುಗಳನ್ನು ಅವಳೇ ಒಂದೊಂದಾಗಿ ಎತ್ತಿ ಬದಿಗಿಟ್ಟಳು. ಗುದ್ದಲಿ ತಾಗೀತೆಂದು ಕೊನೆಯ ಮಣ್ಣನ್ನು ಬೆರಳಿನಿಂದಲೇ ಗೋರಿದಳು. ತನ್ನ ಹಸಿರು ಸೀರೆ ಹರಿದು ಸುತ್ತಿದ್ದ ಗಂಟು ಸಿಕ್ಕಿತು. ಎತ್ತಿಕೊಂಡಾಗ ಅದಕ್ಕೆ ಭಾರವೇ ಇರಲಿಲ್ಲ. ಆಗ ಅವಳಿಗೆ ಅಳು ಬಂತು, ತಡೆಯದೆ ಅತ್ತಳು. ಆಮೇಲೆ ಗಂಟನ್ನು ಸೆರಗಿನಲ್ಲಿ ಸುತ್ತಿಕೊಂಡು, ಗುದ್ದಲಿಯನ್ನು ಹೆಗಲಿಗೇರಿಸಿ, ರಸ್ತೆ ದಾಟಿ ಗೇಟಿನೊಳಕ್ಕೆ ನಡೆದಳು.

ಒಳಗೆ ಹಸಿರು ಹುಲ್ಲು ಹಾಸಿತ್ತು. ಊರ ಹೆಂಗಸರು ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಆ ಗುಡ್ಡದ ಮೇಲೆ ಈ ಹುಲ್ಲಿಗೆ ಎರಡು ಹೊತ್ತೂ ನೀರು. ಹುಲಿಗೆಮ್ಮ ನಟ್ಟನಡುವೆ ನಿಂತು ಗುದ್ದಲಿ ಹಾಕಿದಳು.

ಸಾಹೇಬ ಚಹಾದ ಕಪ್ಪು ಹಿಡಿದೇ ಓಡಿಬಂದ, ಹಿಂದೆ ಕೇಶವಮೂರ್ತಿ. ಸಾಹೇಬ ಹಿಂದಿಯಲ್ಲಿ ತಾಯಿ, ಅಕ್ಕ ಎಲ್ಲರನ್ನೂ ಎಳೆದು ಬೈದು, ಅವಳನ್ನು ಹೊರಗೆ ದಬ್ಬೆಂದು ಕಾವಲುಗಾರನಿಗೆ ಆಜ್ಞೆ ಮಾಡಿದ. ಕಾವಲುಗಾರ ದೊಣ್ಣೆ ಎತ್ತಿ ಬಂದವನು ಸೆರಗಿನ ಗಂಟು ನೋಡಿದ, ಅದೇನೆಂದು ತಿಳಿಯಿತು, ಹಿಂದೆ ಹೆಜ್ಜೆಯಿಟ್ಟ. ಕೇಶವಮೂರ್ತಿ ಮೂಗಿಗೆ ಕರ್ಚೀಫು ಹಿಡಿದರು. ಹೆಣ ಮುಟ್ಟಿ ಮೈಲಿಗೆಯಾಗಲು ಅಲ್ಲಿ ಯಾರೂ ತಯಾರಿರಲಿಲ್ಲ.

"ಏ ಹುಚ್ ರಂಡೆ," ಎಂದು ತಿಪ್ಪೇಸ್ವಾಮಿ ಗೇಟಿನಿಂದಲೇ ಅರಚಿದ, "ಸಾಹೇಬ್ರ ತ್ವಾಟ ಕಣೇ ಅದು."

"ಅದಕ್ಕ ಬಂದೀನಿ," ಎಂದಳು ಹುಲಿಗೆಮ್ಮ. "ಇಲ್ಲಿಗೆ ನಿಮ್ಮ ರಸ್ತಾ ಬರಂಗಿಲ್ಲ."

ಸಾಹೇಬ ಪೊಲೀಸರಿಗೆ ಫೋನ್ ಮಾಡುತ್ತಿದ್ದ. ಗುಂಪಿನವರು ಕೆಲಸ ಬಿಟ್ಟು ಗೇಟಿನ ಬಳಿ ಸೇರಿದರು, ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ದುರುಗಪ್ಪ ಒಬ್ಬನೇ ತಿಪ್ಪೇಸ್ವಾಮಿಯನ್ನು ಬದಿಗೆ ತಳ್ಳಿ ಒಳಗೆ ಬಂದ. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಗುದ್ದಲಿಯನ್ನು ಮಾತ್ರ ಕೇಳಿ ತೆಗೆದುಕೊಂಡ. ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಹುಲ್ಲಿನ ಮೇಲೆ ಕೂತಳು.

ಪೊಲೀಸ್ ಜೀಪು ಗುಡ್ಡ ಹತ್ತುವ ಸದ್ದು ಕೇಳಿಸಿತು. ಗುಂಡಿ ಮೊಣಕಾಲುದ್ದ ಆಗಿತ್ತು. ಇಷ್ಟು ಸಾಕೇನು ಎಂದು ದುರುಗಪ್ಪ ಕೇಳಿದ.

ಹುಲಿಗೆಮ್ಮ ವರಾಂಡದಲ್ಲಿ ಸರಪಳಿ ಜಗ್ಗುತ್ತ ಬೊಗಳುತ್ತಿದ್ದ ಸಾಹೇಬನ ನಾಯಿಗಳನ್ನು ನೋಡಿದಳು.

"ಇನ್ನೂ ತಗ್ಗು ತಗಿ," ಎಂದಳು. "ಈ ಮನ್ಯಾಗ ನಾಯಿ ಭಾಳ ಅದಾವ."