ಗಯಾರ್ದ್ ಹಡಗಿನ ಪಕ್ಕೆಲುಬು

ಇಪ್ಪತ್ತೆರಡು ವರ್ಷದಲ್ಲಿ ಗಯಾರ್ದ್ ಹಡಗು ಕಾಣದ್ದೇನಿದೆ? ಇಂಗ್ಲಿಷರ ಜೊತೆ ಎರಡು ಕಾಳಗ, ಕಬ್ಬು ಬೆಳೆಯುವ ದೂರದ ಸಕ್ಕರೆ ದ್ವೀಪಗಳ ಜ್ವರ, ಹಾಯಿಮರವನ್ನೇ ಮುರಿದ ಬಿರುಗಾಳಿ. ಈಗ ಬ್ರೆಸ್ಟ್ ಬಂದರಿನಲ್ಲಿ, ನೀರು ಬತ್ತಿಸಿ ಹಡಗು ದುರಸ್ತಿ ಮಾಡುವ ಒಣಕಟ್ಟೆಯಲ್ಲಿ ನಿಂತಿತ್ತು. ನಾಲ್ಕು ದಿನದಲ್ಲಿ ಮತ್ತೆ ಯುದ್ಧಕ್ಕೆ ಹೊರಡಬೇಕು. ಈ ಸಲ ಅದರಲ್ಲಿ ಬಡಗಿ ಗೊಲ್ವೆನ್‌ನ ಒಬ್ಬನೇ ಮಗ ಎವೆನ್ ನಾವಿಕ.

ಗೊಲ್ವೆನ್ ಕೊಡತಿ ಹಿಡಿದು ಹಡಗಿನ ಮೈ ಬಡಿಯುತ್ತ ಹೋದ. ಗಟ್ಟಿ ಓಕ್ ಟಣ್ ಎನ್ನುತ್ತದೆ. ಹಿಂಬದಿಯ ಎಡಗಡೆ, ಹಲಗೆಗಳನ್ನು ಒಳಗಿನಿಂದ ಹಿಡಿದ ಬಾಗುಮರಗಳಲ್ಲಿ ಮೂರನೆಯದರ, ಮೂರನೆಯ ಪಕ್ಕೆಲುಬಿನ ಮೇಲೆ ದೊಪ್ ಎಂದಿತು. ಅದೇ ಜಾಗ ಮತ್ತೆ ಬಡಿದ; ಒಳಗಿನ ಮರ ಕೊಳೆತಿತ್ತು.

ಹಡಗುಕಟ್ಟೆಯ ವಾಡಿಕೆಯಂತೆ ಕಂಕುಳಲ್ಲಿ ಹಿಡಿಸುವ ಚೂರು ಮರ ಬಡಗಿಗಳ ಪಾಲು, ಕಾವಲಿನವರು ಕೇಳುವುದಿಲ್ಲ. ಒಳ್ಳೆಯ ಮರವನ್ನೇ ಮೊಳದುದ್ದಕ್ಕೆ ಕತ್ತರಿಸಿ ಚೂರು ಅನ್ನಿಸುವ ಜಾಣತನ ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಹಡಗು ಕಟ್ಟುವಾಗ ಆ ಪಕ್ಕೆಲುಬಿನ ಓಕ್ ಹೀಗೇ ತುಂಡು ತುಂಡಾಗಿ ಗೊಲ್ವೆನ್‌ನ ಮನೆ ಸೇರಿ, ಬಾಗಿಲುಳ್ಳ ಪೆಟ್ಟಿಗೆಮಂಚವಾಗಿತ್ತು. ಹಡಗಿಗೆ ಅದರ ಬದಲು ಬೇಗ ಕೊಳೆಯುವ ಪೈನ್ ಮರ, ಗೊತ್ತಾಗದಂತೆ ಮೇಲೆ ಡಾಂಬರು. ಎವೆನ್ ಹುಟ್ಟಿದ್ದು ಆ ಮಂಚದಲ್ಲೇ.

ಗೊಲ್ವೆನ್ ಓಡಿಹೋಗಿ ಮೇಸ್ತ್ರಿ ಗಿರೆಕ್‌ನ ತೋಳು ಹಿಡಿದ. "ಹಲಗೆ ಕೀಳ್ಬೇಕು ಗಿರೆಕ್! ಒಳಗೆ ಪೈನು. ಪಾಪಿ ನಾನೇ ಇಟ್ಟಿದ್ದು."

ಗಿರೆಕ್ ಅತ್ತಿತ್ತ ನೋಡಿದ. "ಬಾಯ್ಮುಚ್ಚೋ ಮಾರಾಯ! ಅದ್ರ ಪಕ್ಕದ ಪಕ್ಕೆಲುಬೇ ನಮ್ಮನೆ ಬಾಗ್ಲಾಗಿರೋದು. ಅದರಾಚೇದು ನಮ್ಮಾವನ ಮೇಜು. ಇಷ್ಟು ವರ್ಷ ತೇಲಿಲ್ವಾ?"

ಗೊಲ್ವೆನ್ ಹಿಡಿದ ತೋಳು ಬಿಟ್ಟು ಹೊಳೆಯ ಕಡೆ ತಿರುಗಿದ. ಹೊಳೆಯಾಚೆ ಬಡಗಿಗಳ ಕೇರಿ. ಹಡಗಿನ ಅರ್ಧ ಮೂಳೆ ಅಲ್ಲೇ ಇತ್ತು. ಥೂ, ಎಂಥ ಜನ ನಾವು!

ಮನೆಗೆ ಹೋಗಿ ಮಂಚದ ಮೇಲೆ ಕೊಡಲಿ ಎತ್ತಿದ. ಹೆಂಡತಿ ಸೋವಾಜ್ ಚೀರಿದಳು. "ಹುಚ್ಚು ಹಿಡೀತಾ ನಿಮ್ಗೆ? ಮಗ ಹುಟ್ಟಿದ ಮಂಚ!"

"ಅವ್ನು ಮುಳುಗೋದೂ ಇದ್ರಿಂದ್ಲೇ ಕಣೇ. ಅವ್ನ ಹಡಗಿನ ಮರ ಇದು."

ಅವಳು ಮಂಚದ ಬಾಗಿಲು ಸರಿಸಿದಳು. ಆಮೇಲೆ ತಾನೇ ಹಾಸಿಗೆ ಎಳೆದು ಕೆಳಗೆ ಹಾಕಿದಳು.

ಹೊರಹೋಗುವ ಮರವನ್ನಷ್ಟೇ ನೋಡಿ ಗೊತ್ತಿದ್ದ ಕಾವಲುಗಾರ, ಗೊಲ್ವೆನ್ ಕೈಗಾಡಿ ತುಂಬ ಒಳತಂದ ಮಂಚದ ಮರ ಕಂಡು ಕಣ್ಣುಬಾಯಿ ಬಿಟ್ಟ. ಅವನು ಹಡಗಿನ ಕ್ಯಾಪ್ಟನ್‌ನ ಮುಂದೆ ಗಾಡಿ ಬೋರಲು ಹಾಕಿದ.

"ಏನೋ ಇದು?"

"ನಿಮ್ಮ ಹಡಗಿನ ಪಕ್ಕೆಲುಬು ಸ್ವಾಮಿ. ಕದ್ದೋನು ನಾನು."

"ವಾಪಸ್ ಜೋಡಿಸಕ್ಕಾಗತ್ತಾ?"

"ಮೊಳದುದ್ದದ ತುಂಡು, ಯಾವುದಕ್ಕೂ ಸಾಲದು. ಸಾಕ್ಷಿಗಾಗತ್ತೆ. ನನ್ನ ಹಿಡ್ಕೊಳ್ಳಿ, ಹಲಗೆ ಕೀಳಿಸಿ."

ಕ್ಯಾಪ್ಟನ್ ಹಾರೆ ತರಿಸಿದ. ಎವೆನ್ ಹಡಗಿನಿಂದ ಇಳಿದು ಬಂದ. ಹಲಗೆ ಬಿಚ್ಚಿದಾಗ ಒಳಗಿನ ಮರ ನೆನೆದ ರೊಟ್ಟಿಯ ಹಾಗೆ ಕೈಗೆ ಬಂತು. ಒಂದಲ್ಲ, ಸಾಲಾಗಿ ಒಂಬತ್ತು ಪಕ್ಕೆಲುಬು. ಎವೆನ್ ಅಪ್ಪ ಇಟ್ಟಿದ್ದ ಮೂರನೆಯದನ್ನು ಮುಟ್ಟಿ ನೋಡಿದ. ಅಪ್ಪನ ಮುಖ ನೋಡಲಿಲ್ಲ.