ನಲವತ್ತಮೂರನೆಯ ಕಿಟಕಿ

“ಹಿಡ್ಕೊಳ್ಳಿ ಮೇಷ್ಟ್ರೇ, ಹಿಡ್ಕೊಳ್ಳಿ!” ಎಂದು ದೋಣಿಯವನು ಕೂಗುವಷ್ಟರಲ್ಲಿ ವೀರಿತ್ ಹುತ್ತವನ್ನು ಎದೆಗವಚಿಕೊಂಡಿದ್ದ. ಎದುರು ಹೋದ ದೋಣಿಯ ಅಲೆಗೆ ಕಾಲುವೆಯ ಕಪ್ಪು ನೀರು ಹಾರಿ ಇಸ್ತ್ರಿ ಮಾಡಿದ ಅಂಗಿ ನೆನೆಯಿತು. ಹುತ್ತ ನೆನೆಯಲಿಲ್ಲ. ಅಷ್ಟು ಸಾಕು.

ಹುತ್ತವೆಂದರೆ ಅವನು ಮಣ್ಣಿನಲ್ಲಿ ಮಾಡಿದ ಮನೆಯ ಮಾದರಿ. ನಲವತ್ತೆರಡು ಸಂಸಾರಗಳಿಗೆ ಐದಂತಸ್ತಿನ ಒಂದು ಕಟ್ಟಡ. ಬ್ಯಾಂಕಾಕಿನ ಈ ಕಾಲುವೆಯ ದಡದಲ್ಲಿ ತಗಡು ಹೊದಿಸಿಕೊಂಡಿದ್ದವರಿಗೆ ಹಿಂದುಗಡೆಯ ಜಾಗ ಮಂಜೂರಾಗಿತ್ತು. ಅಲ್ಲಿ ಏನು ಕಟ್ಟಬೇಕೆಂದು ಅವರೇ ಕೈಯೆತ್ತಿ ಹೇಳಬೇಕು. ಇವತ್ತೇ ಹೇಳಬೇಕು.

ಮನೆಗಳ ವಿನ್ಯಾಸ ಮಾಡುವ, ಕೇರಿಯವರು ಮೇಷ್ಟ್ರೆಂದೇ ಕರೆಯುವ ವೀರಿತನ ಮೂರು ವರ್ಷ ಅದರಲ್ಲಿ ಹೋಗಿತ್ತು. ಗೆದ್ದಲ ಹುತ್ತದಲ್ಲಿ ಗಾಳಿ ಬುಡದಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಡುವ ಹಾಗೆ ಈ ಕಟ್ಟಡದಲ್ಲೂ. ಫ್ಯಾನು ಬೇಡ, ಕರೆಂಟು ಬೇಡ. ನಡುವೆ ಅಂಗಳ, ಒಂದೇ ಅಡುಗೆಮನೆ. ಯಾರೂ ಯಾರಿಗೂ ಮುಖ ತಪ್ಪಿಸಿಕೊಂಡು ಓಡಾಡುವಂತಿಲ್ಲ. ಸ್ವತಃ ವೀರಿತ್ ಇರುವುದು ಹದಿನೇಳನೆಯ ಮಹಡಿಯಲ್ಲಿ. ಹನ್ನೊಂದು ವರ್ಷವಾದರೂ ಪಕ್ಕದ ಮನೆಯವನನ್ನು ಅವನು ಬಲ್ಲದ್ದು ಬಾಗಿಲಾಚೆಯ ಚಪ್ಪಲಿಯಿಂದ. ಮೊನ್ನೆ ಚಪ್ಪಲಿ ಬದಲಾಗಿತ್ತು. ಮನುಷ್ಯನೂ ಬದಲಾದನೋ ಏನೋ.

ಮಾದರಿಗೆ ನಲವತ್ತಮೂರು ಕಿಟಕಿಗಳಿದ್ದವು. ಯಾರೂ ಎಣಿಸಿರಲಿಲ್ಲ. ಮಿಕ್ಕ ಕಿಟಕಿಗಳಲ್ಲಿ ಕಾಗದದ ಜನರನ್ನು ಸುಮ್ಮನೆ ನಿಲ್ಲಿಸಿದ್ದ. ನಲವತ್ತಮೂರನೆಯದರಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡವನೊಬ್ಬನನ್ನು ಅಂಟು ಹಚ್ಚಿ ನಿಲ್ಲಿಸಿದ್ದ. ಸಭೆ ಮುಗಿದ ಮೇಲೆ ಪ್ರಯೂನಣ್ಣನನ್ನು ಕೇಳಬೇಕು: ಇನ್ನೊಬ್ಬನಿಗೆ ಇಲ್ಲಿ ಜಾಗವಿದೆಯೇ? ಮಾತನ್ನು ಬೆಳಗಿನಿಂದ ಬಾಯಲ್ಲಿ ಹೊರಳಿಸುತ್ತಿದ್ದ.

ಕೇರಿಯ ಮುಖಂಡ ಪ್ರಯೂನ್ ಬಾಡಿಗೆಗೆ ಬೈಕು ಓಡಿಸುವವನು. ಕಿತ್ತಳೆ ಬಣ್ಣದ ಜಾಕೀಟಿನಲ್ಲೇ ಬಂದು ಮೇಜು ಒರೆಸಿದ. ವೀರಿತ್ ಮಾದರಿಯನ್ನು ಅದರ ಮೇಲಿಟ್ಟು, ಹೊದಿಸಿದ್ದ ಬಟ್ಟೆ ಸರಿಸಿದ. ಜನ ಕತ್ತು ಚಾಚಿ ನೋಡಿದರು. ಮುಂದೆ ಕೂತಿದ್ದ ಸಮ್ಲಜ್ಜಿ ಎದ್ದು ಚಪ್ಪಲಿ ಬಿಟ್ಟು ಕೈಮುಗಿದಳು. ತನ್ನ ವಿನ್ಯಾಸಕ್ಕೆ ಇಷ್ಟು ಗೌರವವೇ ಎಂದುಕೊಂಡು ವೀರಿತ್ ತಾನೂ ಕೈಮುಗಿದ.

“ಎಲ್ಲೀದು ಮಗಾ ಮಣ್ಣು?”

“ನಮ್ಮೂರಿಂದು ಅಜ್ಜಿ. ಗದ್ದೆ ಬದೂದು.”

“ಹುತ್ತದ ಮಣ್ಣೇ?”

“ಹೌದು. ಅಂಟು ಚೆನ್ನಾಗಿರುತ್ತೆ.”

“ಕೇಳಿ ತಗೊಂಡ್ಯಾ?”

“ಯಾರನ್ನ ಕೇಳೋದು? ಗದ್ದೆ ನಮ್ದೇ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೀನು ಸುಟ್ಟು ಮಾರುವ ಲಮಾಯಿ, “ಗದ್ದೆ ನಿಮ್ದು ಮೇಷ್ಟ್ರೇ. ಹುತ್ತ ಯಾರ್ದು?” ಎಂದಳು.

ಚಿಕ್ಕಂದಿನಲ್ಲಿ ಅವನ ಅಜ್ಜಿ ಗದ್ದೆಗೆ ಹೋಗುವಾಗ ಹುತ್ತ ಬಳಸಿಕೊಂಡು ನಡೆಸುತ್ತಿದ್ದಳು. ನೇಗಿಲೂ ಅದನ್ನು ಬಳಸಿಯೇ ಹೋಗುತ್ತಿತ್ತು. ಆಮೇಲೆ ಹೊರದೇಶದಲ್ಲಿ ಓದುವಾಗ ಪ್ರೊಫೆಸರೊಬ್ಬರು ಹುತ್ತವನ್ನು ಉದ್ದಕ್ಕೆ ಸೀಳಿದ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ವೀರಿತ್ ಜನ್ಮದಲ್ಲೇ ಹುತ್ತ ನೋಡದವನ ಹಾಗೆ ಬರೆದುಕೊಂಡಿದ್ದ.

ನಾಳೆ ಹದಿನಾರನೇ ತಾರೀಕು, ಲಾಟರಿ ಎತ್ತುವ ದಿನ. ಅದನ್ನು ಅವನು ಯೋಚಿಸಿರಲಿಲ್ಲ. ಲಮಾಯಿ ಆಗಲೇ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತಂದು ಹುತ್ತದ ಮೈಗೆ ಹಚ್ಚಿ, ಗೆಲ್ಲುವ ನಂಬರು ಮೂಡಲೆಂದು ಬೆರಳಿನಿಂದ ಮೆಲ್ಲಗೆ ಉಜ್ಜತೊಡಗಿದ್ದಳು.

“ನಾಲ್ಕು ಕಾಣ್ತಿದೆ!”

“ನಾಲ್ಕಲ್ವೇ, ಒಂಬತ್ತು. ಕನ್ನಡಕ ಹಾಕ್ಕೊಂಡು ನೋಡು.”

“ಅದು ಗಾಳಿ ಹೋಗೋ ಕಿಂಡಿ,” ಎಂದ ವೀರಿತ್. “ಅಂಥವು ಒಟ್ಟು ಎಪ್ಪತ್ತೊಂದಿವೆ.”

“ಎಪ್ಪತ್ತೊಂದಂತೆ! ಮೇಷ್ಟ್ರ ಬಾಯಿಂದ್ಲೇ ಬಂತು, ಬರ್ಕೊಳ್ರೇ!”

ಅವನು ಮುಕ್ಕಾಲು ಗಂಟೆ ವಿವರಿಸಿದ. ಜನ ಪ್ರೀತಿಯಿಂದ ಕೇಳಿದರು. ಮನೆಯ ಮಗು ಶಾಲೆಯ ಪದ್ಯ ಒಪ್ಪಿಸುವಾಗ ಕೇಳುವ ಹಾಗೆ.

“ಗಾಳಿ ಒಳಗೆ ಬರುತ್ತೆ, ಒಪ್ಪಿದೆ,” ಎಂದ ಪ್ರಯೂನ್. “ನಾವೆಲ್ಲಿರ್ತೀವಿ?”

“ನೀವೂ ಒಳಗೇ.”

“ಹುತ್ತದೊಳಗಾ? ಅಲ್ಲಿರೋರು ಬೇರೆಯೋರು ಮೇಷ್ಟ್ರೇ. ಅವರ ಹತ್ರ ನಮಗ್ಯಾಕೆ ಜಗಳ?”

“ಆಕಾರ ಮಾತ್ರ ಹಾಗೆ. ಕಟ್ಟೋದು ಇಟ್ಟಿಗೇಲಿ.”

“ಅಜ್ಜಿ ಚಪ್ಪಲಿ ಬಿಟ್ಟಿದ್ದು ಆಕಾರ ನೋಡೇ ಅಲ್ವಾ?”

ನಗು ಎದ್ದಿತು. ವೀರಿತನೂ ನಕ್ಕ. ತಡವಾಗಿ ನಕ್ಕನೆಂದು ಅವನಿಗೇ ಅನ್ನಿಸಿತು.

“ಎಲ್ಲರೂ ಸೇರೋಕೆ ಅಂಗಳ ಇದೆ,” ಎಂದ.

“ಈಗ ಸೇರಿದೀವಲ್ಲ, ಇಲ್ಲೆಲ್ಲಿದೆ ಅಂಗಳ?” ಎಂದಳು ಲಮಾಯಿ.

ಅವನು ನೋಡಿದ. ಮೆಟ್ಟಿಲ ಮೇಲೆ, ಅಕ್ಕಿ ಮೂಟೆಯ ಮೇಲೆ, ನಿಂತ ಬೈಕಿನ ಮೇಲೆ, ಒಬ್ಬರ ಬೆನ್ನಿಗೆ ಒಬ್ಬರು ಒರಗಿ ಕೂತಿದ್ದರು. ಯಾರೋ ಯಾರದೋ ತಲೆಯಲ್ಲಿ ಬಿಳಿಗೂದಲು ಕೀಳುತ್ತಿದ್ದರು. ಇದನ್ನು ನಕ್ಷೆಯಲ್ಲಿ ಎಲ್ಲಿ ತೋರಿಸುವುದೆಂದು ಅವನಿಗೆ ತಿಳಿಯಲಿಲ್ಲ.

ಹುತ್ತದ ಮನೆಗೆ ಮೂರು ಕೈ ಎದ್ದವು. ಅದರಲ್ಲೊಂದು ತಲೆ ಕೆರೆದುಕೊಂಡು ಇಳಿಯಿತು. ಪಕ್ಕದ ಕಾಲುವೆಯವರು ಕಟ್ಟಿಸಿದಂಥ ಸಾಲುಮನೆಗೆ ಮಿಕ್ಕವೆಲ್ಲ ಎದ್ದವು. ಮೂರು ವರ್ಷದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು.

“ಬೇಜಾರು ಮಾಡ್ಕೋಬೇಡಿ,” ಎಂದ ಪ್ರಯೂನ್. “ಸಾಲುಮನೆ ನಕ್ಷೆ ನೀವೇ ಬರ್ಕೊಡಿ. ಎರಡು ಗೆರೆ, ಮಧ್ಯೆ ಓಣಿ, ಅಷ್ಟೇ.”

“ಎಷ್ಟು ಮನೆ?”

“ನಲವತ್ತೆರಡು. ಗೊತ್ತಲ್ವಾ ನಿಮಗೆ? ಯಾಕೆ?”

“ಸುಮ್ನೆ ಕೇಳ್ದೆ.”

ಮಾದರಿಯನ್ನು ವಾಪಸು ಒಯ್ಯಲು ಸಮ್ಲಜ್ಜಿ ಬಿಡಲಿಲ್ಲ. “ಬಂದೋರನ್ನ ಹೊರಗೆ ಕಳಿಸ್ತಾರಾ?” ಎಂದಳು. ಅರಳಿಮರದ ಬುಡದಲ್ಲಿ ಅದನ್ನಿರಿಸಿ ಮೂರು ಬಣ್ಣದ ಬಟ್ಟೆ ಸುತ್ತಿದರು. ಚೆಂಡುಹೂವು ಬಂತು. ನೈವೇದ್ಯಕ್ಕೆ ಕೊಳವೆ ಹಾಕಿದ ಕೆಂಪು ಸೋಡಾ ಬಂತು. ಅಜ್ಜಿ ಮುಡಿಯ ಪಿನ್ನು ತೆಗೆದು ಕಿಟಕಿಗಳಿಂದ ಕಾಗದದ ಜನರನ್ನು ಒಬ್ಬೊಬ್ಬರನ್ನಾಗಿ ಎಳೆದು ವೀರಿತನ ಅಂಗೈಗೆ ಹಾಕಿದಳು.

“ಮನುಷ್ಯರು ಒಳಗಿರಬಾರ್ದು. ಅಯ್ಯ, ಇವನೊಬ್ಬ ಅಂಟ್ಕೊಂಡವ್ನೆ. ಯಾರು ಮಗಾ ಇದು?”

“ಯಾರೂ ಅಲ್ಲ.”

“ಬರಲ್ಲ ಅಂತಾನೆ.”

“ಇರ್ಲಿ ಬಿಡಿ ಅಜ್ಜಿ.”

ಅಜ್ಜಿ ಬುಡದ ಮಣ್ಣಿಗೆ ಊದುಬತ್ತಿ ಚುಚ್ಚಿ ಕೈಮುಗಿದು ಎದ್ದಳು. ಓಣಿಯಿಂದ ಪಪ್ಪಾಯಿ ಕುಟ್ಟುವ ಸದ್ದು, ಮೆಣಸಿನ ಘಾಟು ಬಂತು. “ಮೇಷ್ಟ್ರೇ, ಊಟಕ್ಕೆ!” ಎಂದು ಲಮಾಯಿ ಕೂಗಿದಳು.

“ಬಂದೆ,” ಎಂದ. ಹೋಗಲಿಲ್ಲ.

ಗಾಳಿ ಇರಲಿಲ್ಲ. ಅರಳಿ ಎಲೆ ಕೂಡ ಅಲುಗಲಿಲ್ಲ. ಊದುಬತ್ತಿಯ ಹೊಗೆ ಮೇಲೇಳದೆ, ಬಾಗಿ, ಬುಡದ ಕಿಂಡಿಗಳೊಳಗೆ ನುಸುಳಿತು. ವೀರಿತ್ ಉಸಿರು ಬಿಗಿಹಿಡಿದ. ಕ್ಷಣ ಬಿಟ್ಟು ಮೊದಲ ಅಂತಸ್ತಿನಿಂದ ಒಂದೆಳೆ ಬಂತು, ಆಮೇಲೆ ಎರಡನೆಯದು, ಮೂರನೆಯದು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಖಾಲಿ ಮನೆಗಳೆಲ್ಲ ಒಟ್ಟಿಗೆ ಉಸಿರಾಡತೊಡಗಿದವು.

ಯಾರಿಗಾದರೂ ತೋರಿಸೋಣವೆಂದು ತಿರುಗಿದ. ಓಣಿಯಲ್ಲಿ ನಗು ಕೇಳುತ್ತಿತ್ತು. ಬೆವೆತ ಅಂಗೈಯಲ್ಲಿ ನಲವತ್ತೆರಡು ಸಂಸಾರಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮತ್ತೆ ಹುತ್ತದ ಕಡೆ ನೋಡಿದಾಗ ಹೊಗೆ ಕೊನೆಯ ಕಿಟಕಿಯನ್ನು ಮುಟ್ಟಿತ್ತು. ಚೀಲ ಹೊತ್ತವನು ಅದರ ನಡುವೆ ನೆಟ್ಟಗೆ ನಿಂತಿದ್ದ, ಆಗಷ್ಟೇ ಬಂದು ಒಳಗೆ ಕರೆಯಲೆಂದು ಕಾಯುವವನ ಹಾಗೆ.